ಮಗನಿಗಾಗಿ ಕೇಳದ ತಂದೆ

ಕೊಡಗಿನ ಮನೆಗಳು ಒಂದಕ್ಕೊಂದು ಅಂಟಿಕೊಂಡು ನಿಂತವಲ್ಲ. ಗದ್ದೆಯ ಅಂಚಿನ ದಿಬ್ಬದ ಮೇಲೊಂದು, ಕಾಫಿತೋಟದ ಮರೆಯಲ್ಲಿ ಇನ್ನೊಂದು. ನಡುವೆ ಕಣಿವೆ, ಕಾಡು, ಮಳೆಗಾಲವಾದರೆ ಎದುರಿನ ಮರವನ್ನೂ ಮುಚ್ಚಿಬಿಡುವ ಮಂಜು. ಇಂಥ ನಾಡಿನಲ್ಲಿ ಸುದ್ದಿಯನ್ನು ಮುಟ್ಟಿಸಲು ಕೊಡವರು ಕಂಡುಕೊಂಡ ಸಾಧನ ಕೋವಿ. ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು ಹಾರುತ್ತದೆ. ಸಾವು ಸಂಭವಿಸಿದರೆ ಒಂದರ ಬೆನ್ನಿಗೊಂದು ಎರಡು ಗುಂಡು. ಕಣಿವೆಯಾಚೆಯವರು ಸದ್ದನ್ನು ಎಣಿಸಿ ವಿಷಯವನ್ನು ತಿಳಿದುಕೊಳ್ಳುತ್ತಿದ್ದರು. ಹುಟ್ಟಿದ ಗಂಡುಕೂಸಿನ ಕೈಗೆ ಹರಳುಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲುಬಾಣವನ್ನು ಮುಟ್ಟಿಸುವ ಪದ್ಧತಿಯೂ ಉಂಟು. ಮಗನು ಮುಂದೆ ಯಾವ ದಾರಿ ಹಿಡಿಯಬಹುದೆಂಬುದನ್ನು ತೊಟ್ಟಿಲು ಕಟ್ಟುವಾಗಲೇ ತಂದೆತಾಯಿಗಳಿಗೆ ನೆನಪುಮಾಡಿಕೊಡುವ ಹಾಗೆ!

೧೯೬೫ರ ಸೆಪ್ಟೆಂಬರಿನಲ್ಲಿ ಮಡಿಕೇರಿಯ ‘ರೋಷನಾರಾ’ ಎಂಬ ಮನೆಯ ಯಜಮಾನರಿಗೆ ಬಂದ ಸುದ್ದಿ ಒಂದು ಗುಂಡಿನದೂ ಅಲ್ಲ, ಎರಡು ಗುಂಡಿನದೂ ಅಲ್ಲ. ಅವರ ಒಬ್ಬನೇ ಮಗ ಬದುಕಿದ್ದ. ಆದರೆ ಶತ್ರುವಿನ ಕೈಯಲ್ಲಿದ್ದ. ಆ ಸುದ್ದಿಯನ್ನು ಲೋಕಕ್ಕೆ ಸಾರಿದುದು ಪಾಕಿಸ್ತಾನದ ರೇಡಿಯೋ.

ಮನೆಯ ಯಜಮಾನರು ಜನರಲ್ ಕೊಡಂದೇರ ಮಾದಪ್ಪ ಕಾರ್ಯಪ್ಪನವರು. ಭಾರತದ ಭೂಸೇನೆಗೆ ಭಾರತೀಯನೇ ಮೊದಲಬಾರಿಗೆ ದಂಡನಾಯಕನಾದುದು ೧೯೪೯ರ ಜನವರಿ ೧೫ರಂದು; ಆ ದಿನ ಅಧಿಕಾರವನ್ನು ವಹಿಸಿಕೊಂಡವರು ಇವರು. ಅಂದಿನ ನೆನಪಿಗಾಗಿಯೇ ಜನವರಿ ೧೫ನ್ನು ಸೇನಾ ದಿನವೆಂದು ಆಚರಿಸುವುದು ವಾಡಿಕೆಯಾಯಿತು. ದಂಡನಾಯಕ ಕಾರ್ಯಪ್ಪನವರನ್ನು ಕುರಿತು ಬಂದಿರುವ ಬರಹಗಳು ಬೇಕಾದಷ್ಟಿವೆ. ತಂದೆ ಕಾರ್ಯಪ್ಪನವರ ವಿಷಯವನ್ನು ಜನರು ಬಲ್ಲದ್ದು ಕಡಮೆ. ಬಲ್ಲದ್ದರಲ್ಲಿಯೂ ಬಹುಪಾಲು ಮಗನೇ ಮುಂದೆ ಹೇಳಿ, ಬರೆದು ತಿಳಿಸಿದ ಸಂಗತಿ.

ಕಾರ್ಯಪ್ಪನವರು ಹುಟ್ಟಿದುದು ೧೮೯೯ರಲ್ಲಿ, ಉತ್ತರ ಕೊಡಗಿನ ಶನಿವಾರಸಂತೆಯಲ್ಲಿ. ತಂದೆ ಮಾದಪ್ಪನವರು ಕಂದಾಯ ಇಲಾಖೆಯ ನೌಕರರು. ಆರು ಮಕ್ಕಳ ಸಂಸಾರ. ಬಂಧುಬಳಗದವರಿಗೆ ಹುಡುಗ ‘ಚಿಮ್ಮ’. ಮಡಿಕೇರಿಯ ಹೈಸ್ಕೂಲಿನಲ್ಲಿ ಓದಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದ ಚಿಮ್ಮ, ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ ಭಾರತೀಯರಿಗೂ ಸೈನ್ಯದಲ್ಲಿ ಅಧಿಕಾರಿಗಳಾಗುವ ಅವಕಾಶ ತೆರೆದಾಗ ಇಂದೋರಿನ ಡೇಲಿ ಕೆಡೆಟ್ ಕಾಲೇಜಿನ ಮೊದಲ ತಂಡಕ್ಕೆ ಸೇರಿದ. ೧೯೧೯ರ ಡಿಸೆಂಬರಿನಲ್ಲಿ ಅಧಿಕಾರಿಯಾದ. ಆಂಗ್ಲ ಅಧಿಕಾರಿಗಳ ನಡುವೆ ಬೆರಳೆಣಿಕೆಯ ಭಾರತೀಯರಲ್ಲಿ ಒಬ್ಬರಾಗಿ ಕಳೆದ ಆ ವರ್ಷಗಳಲ್ಲಿ ‘ಕಿಪ್ಪರ್’ ಎಂಬ ಇನ್ನೊಂದು ಹೆಸರೂ ಅಂಟಿಕೊಂಡಿತು. ಊಟ, ಉಡುಪು, ಮಾತು ಎಲ್ಲದರಲ್ಲಿಯೂ ಅವರು ಸಾಹೇಬರೇ ಆದರು. ಹಿಂದುಸ್ತಾನಿಗಿಂತ ಇಂಗ್ಲಿಷೇ ಅವರ ನಾಲಗೆಗೆ ಸಲೀಸು. ಜನರು ಇದನ್ನು ಹೇಳಿಕೊಂಡು ನಗುತ್ತಿದ್ದುದೂ ಉಂಟು. ಆದರೆ ಆ ಸಾಹೇಬನ ಉಡುಪಿನೊಳಗೆ ಇದ್ದವನು ಶನಿವಾರಸಂತೆಯ ನೌಕರನ ಮಗನೆಂಬುದನ್ನು ನಗುವವರು ಮರೆಯುತ್ತಿದ್ದರು.

೧೯೩೭ರಲ್ಲಿ, ಮೂವತ್ತೇಳು ದಾಟಿದ ಮೇಲೆ, ಅವರ ವಿವಾಹವಾಯಿತು. ಪತ್ನಿ ಮುತ್ತು ಮಾಚಯ್ಯ ವಯಸ್ಸಿನಲ್ಲಿ ಬಹಳ ಚಿಕ್ಕವರು. ೧೯೩೮ರ ಜನವರಿಯಲ್ಲಿ ಮಗ ನಂದಾ ಹುಟ್ಟಿದ. ೧೯೪೩ರಲ್ಲಿ ಮಗಳು ನಳಿನಿ. ಯುದ್ಧದ ಆ ದಿನಗಳಲ್ಲಿ ಗಂಡಹೆಂಡಿರ ನಡುವೆ ಹೊಂದಿಕೆ ಉಳಿಯಲಿಲ್ಲ. ೧೯೪೫ರಲ್ಲಿ ಇಬ್ಬರೂ ಬೇರೆಯಾದರು. ತಪ್ಪು ಯಾರದೆಂದು ತೂಗಲು ಹೊರಗಿನವರಿಗೆ ಅಧಿಕಾರವಿಲ್ಲ, ಅದರ ಅಗತ್ಯವೂ ಇಲ್ಲ. ಮೂರು ವರ್ಷಗಳ ತರುವಾಯ ಆ ತಾಯಿ ಅಪಘಾತದಲ್ಲಿ ತೀರಿಕೊಂಡರು. ಆಗ ಮಗನಿಗೆ ಹತ್ತು ವರ್ಷ, ಮಗಳಿಗೆ ಐದು. ತಂದೆಯ ಹೆಗಲ ಮೇಲೆ ಕಾಶ್ಮೀರದ ಯುದ್ಧದ ಹೊಣೆ. ಮರುವರ್ಷ ಇಡೀ ಸೈನ್ಯದ ಹೊಣೆಯೇ ಬಂದಿತು. ಹೀಗೆ ದೆಹಲಿಯ ಆ ದೊಡ್ಡ ಮನೆಯಲ್ಲಿ, ಕಾವಲುಗಾರರು, ಸಹಾಯಕ ಅಧಿಕಾರಿಗಳು, ಬಂದುಹೋಗುವ ಗಣ್ಯರ ನಡುವೆ, ತಾಯಿಯಿಲ್ಲದ ಇಬ್ಬರು ಮಕ್ಕಳನ್ನು ಬೆಳೆಸುವ ಕೆಲಸ ಕಾರ್ಯಪ್ಪನವರಿಗೆ ಬಂದೊದಗಿತು. ಅವರು ಮರಳಿ ಮದುವೆಯಾಗಲಿಲ್ಲ.

ತಾಯಿಯಿಲ್ಲದ ಮಕ್ಕಳನ್ನು ಸಾಕುವ ತಂದೆಯರು ಸಾಮಾನ್ಯವಾಗಿ ಸಡಿಲವಾಗುತ್ತಾರೆ. ಆ ಕೊರತೆಯನ್ನು ಬೇರೆ ಯಾವುದರಿಂದಲಾದರೂ ತುಂಬಿಕೊಡಬೇಕೆಂಬ ಸಂಕಟ ಅವರದು. ಕೈಯಲ್ಲಿ ಅಧಿಕಾರವಿದ್ದರಂತೂ ಕೇಳಬೇಕಾದುದಿಲ್ಲ. ಕಾರ್ಯಪ್ಪನವರ ರೀತಿ ಬೇರೆ. ಅದನ್ನು ತಿಳಿಸುವ ಒಂದು ಸಣ್ಣ ಪ್ರಸಂಗವನ್ನು ನಂದಾ ಅವರು ನೆನೆದಿದ್ದಾರೆ. ದೆಹಲಿಯಲ್ಲಿ ಸೈನ್ಯದ ಅಧಿಕಾರಿಗಳ ಮಕ್ಕಳು ಶಾಲೆಗೆ ಹೋಗುತ್ತಿದ್ದುದು ಸೈನ್ಯದ ಟ್ರಕ್ಕಿನಲ್ಲಿ. ದಂಡನಾಯಕರ ಮಗನೂ ಅದೇ ಟ್ರಕ್ಕಿನಲ್ಲಿ, ಉಳಿದ ಹುಡುಗರ ಜೊತೆಯಲ್ಲಿ ಹೋಗತಕ್ಕದ್ದು. ಒಂದು ದಿನ ಟ್ರಕ್ಕು ಬರಲಿಲ್ಲ. ಹುಡುಗನಿಗೆ ಶಾಲೆ ತಪ್ಪಬಾರದೆಂದು ತಂದೆಯ ಸಹಾಯಕ ಅಧಿಕಾರಿ ಅವನನ್ನು ದಂಡನಾಯಕರ ಸರ್ಕಾರಿ ಕಾರಿನಲ್ಲಿ ಕಳುಹಿಸಿದರು. ಇದರಲ್ಲಿ ಯಾರಿಗೆ ಏನು ನಷ್ಟ? ಕಾರು ಹೇಗೂ ಅಲ್ಲಿ ನಿಂತಿದ್ದಿತು, ಡ್ರೈವರನೂ ಇದ್ದ. ಆದರೆ ವಿಷಯ ಕಿವಿಗೆ ಬಿದ್ದಾಗ ತಂದೆ ಸಿಟ್ಟಾದರು. ಸಹಾಯಕನಿಗೆ ಛೀಮಾರಿಯಾಯಿತು. ಆ ಪ್ರಯಾಣದ ಖರ್ಚಿಗೆ ಬಿಲ್ಲು ಬರೆಯಿಸಿ ಅದನ್ನು ತಮ್ಮ ಸ್ವಂತ ಲೆಕ್ಕಕ್ಕೆ ಹಾಕಿಸಿದರು.

ಅಂದು ಟ್ರಕ್ಕು ಬಾರದಿದ್ದುದರಿಂದ ತೊಂದರೆಯಾದುದು ನಂದಾನೊಬ್ಬನಿಗೇ ಅಲ್ಲ. ಅದೇ ಟ್ರಕ್ಕಿಗಾಗಿ ಕಾದು ನಿಂತ ಬೇರೆಯವರ ಮಕ್ಕಳಿದ್ದರು. ಅವರಿಗೆ ಕಾರು ಕಳುಹಿಸುವವರು ಯಾರೂ ಇರಲಿಲ್ಲ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ತಾನಾಗಿ ಅರ್ಥವಾಗುತ್ತದೆ.

೧೯೫೩ರಲ್ಲಿ ಸೈನ್ಯದಿಂದ ನಿವೃತ್ತರಾಗಿ, ೧೯೫೬ರವರೆಗೆ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡುಗಳಲ್ಲಿ ಭಾರತದ ಹೈಕಮಿಷನರಾಗಿದ್ದು, ಕಾರ್ಯಪ್ಪನವರು ಮಡಿಕೇರಿಗೆ ಬಂದು ನೆಲಸಿದರು. ಮಗ ಸೇರಿದುದು ತಂದೆಯ ಭೂಸೇನೆಯನ್ನಲ್ಲ, ವಾಯುಪಡೆಯನ್ನು. ೧೯೬೫ರಲ್ಲಿ ಅವರು ಇಪ್ಪತ್ತನೆಯ ಸ್ಕ್ವಾಡ್ರನ್ನಿನ ಹಂಟರ್ ವಿಮಾನಗಳ ಚಾಲಕರಲ್ಲಿ ಒಬ್ಬರು.

ಆ ಸೆಪ್ಟೆಂಬರಿನ ಯುದ್ಧ ಕೊಡಗಿಗೆ ದೂರದ ಸಂಗತಿಯಾಗಿರಲಿಲ್ಲ. ಪುಟ್ಟ ಜಿಲ್ಲೆ, ಆದರೆ ಸೈನ್ಯದಲ್ಲಿ ಒಬ್ಬನಾದರೂ ಇಲ್ಲದ ಮನೆತನವನ್ನು ಹುಡುಕಬೇಕಾಗಿದ್ದಿತು. ಸೆಪ್ಟೆಂಬರ್ ೭ರಂದು ಪಾಕಿಸ್ತಾನದ ಸರ್ಗೋಧಾ ವಿಮಾನನೆಲೆಯ ಮೇಲೆ ದಾಳಿಗೆ ಹೋದ ಮಿಸ್ಟೇರ್ ವಿಮಾನಗಳಲ್ಲಿ ಒಂದನ್ನು ನಡೆಸುತ್ತಿದ್ದವರು ಕೊಡಗಿನವರೇ ಆದ ಅಜ್ಜಮಾಡ ದೇವಯ್ಯನವರು. ಆ ವಿಮಾನ ಹಿಂದಿರುಗಲಿಲ್ಲ. ಯಾವ ರೇಡಿಯೋವೂ ಅವರ ಹೆಸರನ್ನು ಹೇಳಲಿಲ್ಲ. ‘ಪತ್ತೆಯಿಲ್ಲ’ ಎಂಬ ಒಂದು ಮಾತನ್ನು ಹಿಡಿದುಕೊಂಡು ಆ ಮನೆಯವರು ವರ್ಷಗಟ್ಟಲೆ ಬಾಳಬೇಕಾಯಿತು. ತಮಗಿಂತ ಬಹಳ ವೇಗದ ಸ್ಟಾರ್‌ಫೈಟರ್ ವಿಮಾನವೊಂದನ್ನು ಎದುರಿಸಿ ಉರುಳಿಸಿ ದೇವಯ್ಯನವರು ಮಡಿದರೆಂಬುದು ಬೆಳಕಿಗೆ ಬಂದುದು ಬಹುಕಾಲದ ಮೇಲೆ, ಬ್ರಿಟಿಷ್ ಲೇಖಕನೊಬ್ಬನ ಪುಸ್ತಕದಿಂದ. ಮರಣೋತ್ತರವಾಗಿ ಮಹಾವೀರ ಚಕ್ರ ಬಂದುದು ೧೯೮೮ರಲ್ಲಿ, ಇಪ್ಪತ್ತಮೂರು ವರ್ಷಗಳ ತರುವಾಯ.

ದೇವಯ್ಯನವರು ಮರಳದ ಹದಿನೈದು ದಿನಗಳಿಗೆ, ಸೆಪ್ಟೆಂಬರ್ ೨೨ರಂದು, ನಂದಾ ಅವರ ಸರದಿ. ಕದನವಿರಾಮಕ್ಕೆ ಇನ್ನು ಕೆಲವೇ ಗಂಟೆಗಳು ಉಳಿದಿದ್ದವು. ಪಂಜಾಬದ ಗಡಿಯಲ್ಲಿ ನೆಲದ ತೋಪುಗಳ ಪೆಟ್ಟು ತಿಂದು ಅವರ ಹಂಟರಿಗೆ ಬೆಂಕಿ ಹತ್ತಿತು. ಹೊರಕ್ಕೆ ಚಿಮ್ಮಿ ಇಳಿದಾಗ ಬೆನ್ನಿಗೆ ಬಲವಾದ ಪೆಟ್ಟಾಯಿತು. ಎದ್ದು ನಿಲ್ಲುವುದೇ ಕಷ್ಟವಾಯಿತು. ತಾವು ಬಿದ್ದ ನೆಲ ಯಾರದೆಂಬುದು ಮೊದಲು ತಿಳಿಯಲಿಲ್ಲವಂತೆ. ಸುತ್ತುವರಿದವರ ಸಮವಸ್ತ್ರ ಅದನ್ನು ತಿಳಿಸಿತು. ಯುದ್ಧಕೈದಿ ಹೇಳತಕ್ಕದ್ದು ಹೆಸರು, ದರ್ಜೆ, ಸಂಖ್ಯೆ, ಇಷ್ಟೇ. ಆದರೆ ಇವರ ವಿಷಯದಲ್ಲಿ ಆ ಹೆಸರೊಂದೇ ಸಾಕಾಯಿತು!

ಏತಕ್ಕೆಂದರೆ ಆ ಹೆಸರನ್ನು ಬಲ್ಲವರು ಪಾಕಿಸ್ತಾನದ ಸೈನ್ಯದಲ್ಲಿ ಬಹುಮಂದಿಯಿದ್ದರು. ಹದಿನೆಂಟು ವರ್ಷಗಳ ಹಿಂದೆ ಎರಡೂ ಸೈನ್ಯಗಳು ಒಂದೇ ಆಗಿದ್ದವಷ್ಟೆ. ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಫೀಲ್ಡ್ ಮಾರ್ಷಲ್ ಅಯೂಬ್ ಖಾನರಂತೂ ವಾಯವ್ಯ ಗಡಿಯ ವಜೀರಿಸ್ತಾನದಲ್ಲಿ ಬ್ರಿಗೇಡಿಯರ್ ಕಾರ್ಯಪ್ಪನವರ ಕೈಕೆಳಗೆ ಸೇವೆ ಮಾಡಿದವರು. ದೇಶ ಒಡೆದರೂ ಇಂಥ ಸಂಬಂಧಗಳು ಒಮ್ಮೆಲೇ ಕಡಿದುಹೋಗುವುದಿಲ್ಲ. ಮಗ ಸುರಕ್ಷಿತನಾಗಿದ್ದಾನೆಂದು ಮಡಿಕೇರಿಗೆ ತಿಳಿಸುವ ಏರ್ಪಾಡನ್ನು ಅಯೂಬರು ಮಾಡಿದರು. ತಂದೆ ಬಯಸುವುದಾದರೆ ಅವನನ್ನು ಬಿಟ್ಟುಕಳುಹಿಸಬಹುದು ಎಂಬ ಸೂಚನೆಯೂ ದೆಹಲಿಯಲ್ಲಿದ್ದ ಪಾಕಿಸ್ತಾನದ ಹೈಕಮಿಷನರ ಮೂಲಕ ಬಂದಿತು.

ಕಾರ್ಯಪ್ಪನವರ ಉತ್ತರ ನಾನಾ ಪಾಠಗಳಲ್ಲಿ ಪ್ರಚಾರದಲ್ಲಿದೆ. ಎಲ್ಲದರ ತಿರುಳು ಒಂದೇ: ಸೆರೆಯಲ್ಲಿರುವ ಭಾರತದ ಯೋಧರೆಲ್ಲರೂ ತಮ್ಮ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡತಕ್ಕದ್ದು, ಇಲ್ಲವಾದರೆ ಒಬ್ಬನಿಗೆಂದು ವಿಶೇಷ ಉಪಚಾರ ಬೇಡ.

ಈ ಮಾತನ್ನು ಶಾಲೆಯ ಮಕ್ಕಳಿಗೆ ದೇಶಭಕ್ತಿಯ ಪಾಠವಾಗಿ ಹೇಳುವುದುಂಟು. ಅದು ತಪ್ಪಲ್ಲ. ಆದರೆ ಹಾಗೆ ಹೇಳುವಾಗ ತಂದೆಯೊಬ್ಬನು ಎದೆಯನ್ನು ಕಲ್ಲುಮಾಡಿಕೊಂಡು ಮಗನನ್ನು ಬಿಟ್ಟುಕೊಟ್ಟನೆಂಬ ಚಿತ್ರ ಏಳುತ್ತದೆ. ಅದು ಅಷ್ಟೊಂದು ನಿಜವೆನಿಸುವುದಿಲ್ಲ. ಕಾರ್ಯಪ್ಪನವರಿಗೆ ಆಗ ಅರವತ್ತಾರು ವರ್ಷ. ಹೆಂಡತಿಯಿಲ್ಲ, ಅಧಿಕಾರವಿಲ್ಲ. ಹತ್ತನೆಯ ವಯಸ್ಸಿನಿಂದ ತಾಯಿಯನ್ನು ಕಾಣದೆ ತಮ್ಮ ನೆರಳಿನಲ್ಲಿಯೇ ಬೆಳೆದ ಮಗ ಬೆನ್ನು ಮುರಿದುಕೊಂಡು ಪರದೇಶದ ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಒಂದು ಮಾತು ಆಡಿದ್ದರೆ ಸಾಕಾಗಿದ್ದಿತು. ಕೇಳುವ ಶ್ರಮವೂ ಬೇಡ, ಒಪ್ಪಿದರಾಗುತ್ತಿದ್ದಿತು. ಲೋಕವೂ ದೂಷಿಸುತ್ತಿರಲಿಲ್ಲ. ಆದರೆ ಆ ಸೆರೆಯಲ್ಲಿದ್ದ ಉಳಿದ ವೈಮಾನಿಕರಿಗೂ ಸಿಪಾಯಿಗಳಿಗೂ ತಂದೆಗಳಿದ್ದರು. ಪಂಜಾಬದ ಹಳ್ಳಿಯಲ್ಲೋ ಗಢವಾಲದ ಬೆಟ್ಟದಲ್ಲೋ ಕುಳಿತ ಆ ಮುದುಕರ ಕೈಕೆಳಗೆ ಯಾವ ದೇಶದ ಅಧ್ಯಕ್ಷನೂ ಕೆಲಸ ಮಾಡಿರಲಿಲ್ಲ. ಅಷ್ಟೇಕೆ, ಕೊಡಗಿನಲ್ಲಿಯೇ ಅಜ್ಜಮಾಡ ಮನೆತನದವರು ಮಗನು ಇದ್ದಾನೆಯೋ ಇಲ್ಲವೋ ತಿಳಿಯದೆ ಕುಳಿತಿದ್ದರು. ಅವರ ಎದುರಿಗೆ ತಮ್ಮ ಮಗನನ್ನೊಬ್ಬನನ್ನೇ ಕರೆತಂದು ಅಂಗಳಕ್ಕೆ ಇಳಿಸಿಕೊಳ್ಳುವುದು ಕಾರ್ಯಪ್ಪನವರಿಗೆ ಸಾಧ್ಯವಿರಲಿಲ್ಲ. ಟ್ರಕ್ಕು ಬಾರದ ದಿನದ ಲೆಕ್ಕವೇ ಇದು. ಮೊಬಲಗು ಮಾತ್ರ ದೊಡ್ಡದು.

ಇನ್ನೊಂದು ವಿಷಯವನ್ನೂ ಹೇಳಬೇಕು. ತಂದೆ ಹೀಗೆಯೇ ಉತ್ತರಿಸುವರೆಂಬುದು ಮಗನಿಗೆ ತಿಳಿಯದ ಸಂಗತಿಯಾಗಿರಲಾರದು. ಆ ಮನೆಯಲ್ಲಿ ಬೆಳೆದವರು ನಂದಾ. ಪಾಕಿಸ್ತಾನದ ದಂಡನಾಯಕರು ನೋಡಲು ಬಂದು ಏನು ಬೇಕೆಂದು ವಿಚಾರಿಸಿದಾಗ ತಮ್ಮನ್ನು ಉಳಿದ ಭಾರತೀಯ ಕೈದಿಗಳ ಜೊತೆಗೆ ಇರಿಸಿರೆಂದು ಇವರು ಕೇಳಿಕೊಂಡರಂತೆ. ಅಯೂಬರ ಹಿರಿಯ ಮಗ ಆಸ್ಪತ್ರೆಗೆ ಬಂದು ಸ್ಟೇಟ್ ಎಕ್ಸ್‌ಪ್ರೆಸ್ ಸಿಗರೇಟಿನ ಪೊಟ್ಟಣಗಳನ್ನೂ ವುಡ್‌ಹೌಸನ ಒಂದು ಕಾದಂಬರಿಯನ್ನೂ ಕೊಟ್ಟು ಹೋದುದನ್ನು ನಂದಾ ಅವರು ಕೃತಜ್ಞತೆಯಿಂದಲೇ ನೆನೆದಿದ್ದಾರೆ. ಯುದ್ಧದ ಕಥೆಗಳಲ್ಲಿ ಇಂಥ ಸಂಗತಿಗಳಿಗೆ ಜಾಗ ಸಿಕ್ಕುವುದು ಅಪರೂಪ. ತಂದೆ ಬೇಡವೆಂದುದು ಬಿಡುಗಡೆಯ ರಿಯಾಯಿತಿಯನ್ನು. ಹಳೆಯ ಪರಿಚಯದ ಸೌಜನ್ಯವನ್ನು ತಡೆಯುವುದು ಯಾರ ಕೈಯಲ್ಲಿಯೂ ಇರಲಿಲ್ಲ.

ನಾಲ್ಕು ತಿಂಗಳು ಹೀಗೆಯೇ ನಡೆಯಿತು. ಗದ್ದೆಗಳಲ್ಲಿ ಭತ್ತ ಹಣ್ಣಾಗಿ ಕೊಡಗಿನಲ್ಲಿ ಪುತ್ತರಿ ಬಂದುಹೋಯಿತು. ಹೊಸ ಕದಿರನ್ನು ಮನೆಗೆ ತಂದು ಇಡೀ ಒಕ್ಕದವರು ಒಟ್ಟಾಗಿ ಕುಳಿತು ಉಣ್ಣುವ ಹಬ್ಬ ಅದು. ಒಕ್ಕವೆಂದರೆ ಒಬ್ಬ ಮೂಲಪುರುಷನಿಂದ ಇಳಿದುಬಂದ ಮನೆತನ. ಕೊಡಂದೇರ ಒಕ್ಕಕ್ಕೆ ಆ ಡಿಸೆಂಬರು ಇನ್ನೊಂದು ಪೆಟ್ಟನ್ನೂ ಕೊಟ್ಟಿತು. ಅದೇ ಒಕ್ಕದ ಜನರಲ್ ತಿಮ್ಮಯ್ಯನವರು ಆಗ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕರಾಗಿದ್ದರು. ಡಿಸೆಂಬರ್ ೧೮ರಂದು ಅಲ್ಲಿಯೇ ಅವರು ಹೃದಯಾಘಾತದಿಂದ ತೀರಿಕೊಂಡರು. ಒಂದೇ ಮನೆತನದ ಇಬ್ಬರಲ್ಲಿ ಒಬ್ಬರ ಶವ ಸಮುದ್ರದಾಚೆಯಿಂದ ಬೆಂಗಳೂರಿಗೆ ಬಂದಿತು. ಇನ್ನೊಬ್ಬನು ಗಡಿಯಾಚೆ ಸೆರೆಯಲ್ಲಿದ್ದ.

೧೯೬೬ರ ಜನವರಿ ೧೦ರಂದು ತಾಷ್ಕೆಂಟಿನಲ್ಲಿ ಒಪ್ಪಂದವಾಯಿತು. ಯುದ್ಧಕೈದಿಗಳನ್ನು ಹಿಂದಿರುಗಿಸಬೇಕೆಂಬುದು ಅದರ ಕರಾರುಗಳಲ್ಲಿ ಒಂದು. ಆ ತಿಂಗಳ ೨೨ರಂದು ನಂದಾ ಅವರು ಉಳಿದ ಸಂಗಡಿಗರ ಜೊತೆಯಲ್ಲಿ ಗಡಿಯನ್ನು ದಾಟಿ ಬಂದರು. ತಂದೆ ಬಯಸಿದ್ದುದೂ ಅದೇ.

ಬೆನ್ನಿನ ಪೆಟ್ಟು ಅವರನ್ನು ವೇಗದ ಯುದ್ಧವಿಮಾನಗಳಿಂದ ದೂರಮಾಡಿತು. ಹೆಲಿಕಾಪ್ಟರುಗಳನ್ನು ನಡೆಸುತ್ತ ವಾಯುಪಡೆಯಲ್ಲಿಯೇ ಉಳಿದು ಏರ್ ಮಾರ್ಷಲ್ ಪದವಿಗೆ ಏರಿದರು. ರಜೆಯಲ್ಲಿ ಮಡಿಕೇರಿಗೆ ಬಂದರೆ ಅಲ್ಲಿ ತಂದೆಯ ಶಿಸ್ತಿನಲ್ಲಿ ಒಂದು ಗುಂಜಿಯೂ ಕಡಮೆಯಾಗಿರಲಿಲ್ಲ. ರಾತ್ರಿ ಊಟದ ಮೇಜಿಗೆ ಬರುವವರು ತಕ್ಕ ಉಡುಪಿನಲ್ಲಿ ಬರತಕ್ಕದ್ದು. ಮೇಜಿನ ಮೇಲೆ ಬೆಳ್ಳಿಯ ಚಮಚ ಫೋರ್ಕುಗಳು ತಮ್ಮ ತಮ್ಮ ಸ್ಥಾನದಲ್ಲಿರತಕ್ಕದ್ದು. ಕಾಲ ಬದಲಾಗಿ ಎಷ್ಟೋ ಕಾಲವಾಗಿದ್ದಿತು. ರೋಷನಾರಾಕ್ಕೆ ಆ ವರ್ತಮಾನ ತಲುಪಿರಲಿಲ್ಲ. ಬೇರೆ ಮನೆಯಲ್ಲಾದರೆ ಇದು ಹಾಸ್ಯಕ್ಕೆ ಎಡೆಯಾಗುತ್ತಿದ್ದಿತು. ಆದರೆ ಅದೇ ಮನೆಯಲ್ಲಿ ತಂದೆತಾಯಿಗಳ ಭಾವಚಿತ್ರಗಳಿದ್ದವು, ಗಾಂಧೀಜಿಯ ಪ್ರತಿಮೆಯಿದ್ದಿತು, ಒಬ್ಬ ಸಾಮಾನ್ಯ ಜವಾನನ ಪ್ರತಿಮೆಯೂ ಇದ್ದಿತು. ಹೊರಗೆ ಹೊರಡುವ ಮುನ್ನ ಕಾರ್ಯಪ್ಪನವರು ಇವುಗಳಿಗೆ ತಲೆಬಾಗುತ್ತಿದ್ದರು. ಸಾಹೇಬನ ಠೀವಿಯವರೆಂದು ಹೆಸರಾದವರ ಮನೆಯಲ್ಲಿ ಸಿಪಾಯಿಗೆ ಹಿರಿಯರ ಸಾಲಿನಲ್ಲಿ ಸ್ಥಳವಿದ್ದಿತು.

೧೯೮೬ರಲ್ಲಿ ಸರ್ಕಾರ ಅವರಿಗೆ ಫೀಲ್ಡ್ ಮಾರ್ಷಲ್ ಪದವಿಯನ್ನು ಕೊಟ್ಟಿತು. ಏಪ್ರಿಲ್ ೨೮ರಂದು ರಾಷ್ಟ್ರಪತಿ ಭವನದಲ್ಲಿ ಸಮಾರಂಭ. ಅಷ್ಟರಲ್ಲಿ ವಯಸ್ಸು ಎಂಬತ್ತೇಳು. ಕಾಲಿನ ಕಿರುಬೆರಳಿನ ನೋವಿನಿಂದಾಗಿ ಮನೆಯಲ್ಲಿ ಅವರು ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಚಪ್ಪಲಿ ಹಾಕಿಕೊಂಡು ನಡೆಯುವ ಸ್ಥಿತಿಯಿದ್ದಿತು. ಅಂದೂ ಹಾಗೆಯೇ ಬರಬಹುದೆಂದು ಮಕ್ಕಳು ಬೇಡಿಕೊಂಡರು, ಊರುಗೋಲನ್ನಾದರೂ ಹಿಡಿಯಿರೆಂದರು. ಎರಡಕ್ಕೂ ಒಪ್ಪಲಿಲ್ಲ. ಪೂರ್ತಿ ಸಮವಸ್ತ್ರದಲ್ಲಿ, ಬೂಟು ಬಿಗಿದುಕೊಂಡು, ಯಾರ ಆಸರೆಯನ್ನೂ ಹಿಡಿಯದೆ ನಡೆದುಹೋಗಿ, ಸಮಾರಂಭ ಮುಗಿಯುವವರೆಗೆ ನೆಟ್ಟಗೆ ನಿಂತಿದ್ದರು. ತಂದೆಗೆ ಎಷ್ಟು ನೋವಾಗುತ್ತಿದೆಯೆಂಬುದು ಆ ಸಭೆಯಲ್ಲಿ ತಿಳಿದಿದ್ದುದು ಮಕ್ಕಳಿಗೆ ಮಾತ್ರ.

ಕೊನೆಯ ವರ್ಷಗಳಲ್ಲಿ ಸಂಧಿವಾತವೂ ಹೃದಯದ ತೊಂದರೆಯೂ ಹೆಚ್ಚಿ, ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯುತ್ತಿದ್ದಿತು. ೧೯೯೩ರ ಮೇ ೧೫ರಂದು ಅಲ್ಲಿಯೇ, ನಿದ್ರೆಯಲ್ಲಿ, ಅವರ ಜೀವ ಹೋಯಿತು. ದೇಹವನ್ನು ಮಡಿಕೇರಿಗೆ ತಂದರು. ಎರಡು ದಿನಗಳ ತರುವಾಯ ನಡೆದ ಅಂತ್ಯಕ್ರಿಯೆಗೆ ಮೂರು ಪಡೆಗಳ ಮುಖ್ಯಸ್ಥರೂ ಫೀಲ್ಡ್ ಮಾರ್ಷಲ್ ಮಾಣೆಕ್‌ಷಾ ಅವರೂ ಬಂದಿದ್ದರು. ಗೌರವದ ಗುಂಡುಗಳು ಹಾರಿದವು. ಎಷ್ಟು ಗುಂಡುಗಳೆಂದು ಎಣಿಸಿ ಸುದ್ದಿಯನ್ನು ತಿಳಿಯಬೇಕಾದ ಅಗತ್ಯ ಅಂದು ಕೊಡಗಿನಲ್ಲಿ ಯಾರಿಗೂ ಇರಲಿಲ್ಲ. ಚಿತೆಗೆ ಬೆಂಕಿಯಿಟ್ಟವರು ಮಗ ನಂದಾ.

ಹದಿನಾಲ್ಕು ವರ್ಷಗಳು ಕಳೆದ ಮೇಲೆ, ೨೦೦೭ರಲ್ಲಿ, ನಂದಾ ಅವರು ಬರೆದ ತಂದೆಯ ಜೀವನಚರಿತ್ರೆ ಪುಸ್ತಕವಾಗಿ ಹೊರಬಂದಿತು. ಅಷ್ಟರಲ್ಲಿ ಅವರೂ ನಿವೃತ್ತರಾಗಿ, ತಂದೆಯ ಹಾಗೆಯೇ ಮಡಿಕೇರಿಯ ರೋಷನಾರಾಕ್ಕೆ ಬಂದು ನೆಲಸಿದ್ದರು.